ಮೂರರಿಂದ ಐದರವರೆಗೆ



ದತ್ತಿ ಉಪನ್ಯಾಸಕ್ಕೆ ಕರೆ ಬಂದಾಗ ದೊಡ್ಡ ವಿಷಯವನ್ನೇ ಎತ್ತಿಕೊಳ್ಳುವುದು ರೂಢಿ. ಜಾಗತೀಕರಣ, ಅಸ್ಮಿತೆ, ವಲಸೆ ಮುಂತಾದವುಗಳಲ್ಲಿ ಒಂದನ್ನು ಹಿಡಿದರೆ ಒಂದು ಗಂಟೆ ಸಲೀಸಾಗಿ ಕಳೆಯುತ್ತದೆ. ಕೇಳುವವರಿಗೂ ಹೇಳುವವರಿಗೂ ಯಾವ ತೊಂದರೆಯೂ ಇಲ್ಲ. ನಾನು ಸಣ್ಣದನ್ನು ಆರಿಸಿಕೊಂಡಿದ್ದೇನೆ. ಸಮಾಜಶಾಸ್ತ್ರದ ಒಂದು ಅಧ್ಯಯನಕ್ಕೆ ಹೊರಡುವ ಮುನ್ನ ಯಾವ ಗಾಡಿ ಹಿಡಿಯಬೇಕು, ಎಷ್ಟು ಗಂಟೆಗೆ ಹೋಗಬೇಕು, ಯಾರ ಎದುರಿಗೆ ಏನು ಕೇಳಬಾರದು, ಬರೆದ ಟಿಪ್ಪಣಿಯನ್ನು ಎಲ್ಲಿಡಬೇಕು ಎಂಬುದೇ ನನ್ನ ವಿಷಯ. ಇವೆಲ್ಲ ಸಂಶೋಧನೆಗೆ ಮುಂಚಿನ ಓಡಾಟವೆಂದು ನಾವು ತಿಳಿದಿರುತ್ತೇವೆ. ನಲವತ್ತು ವರ್ಷ ಈ ಕೆಲಸ ಮಾಡಿದ ಮೇಲೆ ನನಗನಿಸಿರುವುದು ಬೇರೆ. ಪ್ರಬಂಧದ ಕೊನೆಯ ಅಧ್ಯಾಯದಲ್ಲಿ ಬರುವ ತೀರ್ಮಾನ ಬಹುಮಟ್ಟಿಗೆ ಈ ಓಡಾಟದಲ್ಲೇ ತೀರ್ಮಾನವಾಗಿಬಿಟ್ಟಿರುತ್ತದೆ.

ಕೆಲವು ವರ್ಷಗಳ ಹಿಂದೆ ಡೊಂಬಿವಲಿಯ ಒಬ್ಬಳು ವಿದ್ಯಾರ್ಥಿನಿ ನನ್ನ ಬಳಿ ಬಂದಳು. ಅವಳ ಕೈಯಲ್ಲಿ ಅಚ್ಚುಕಟ್ಟಾದ ಒಂದು ಹಾಳೆಯಿತ್ತು. ಅದರ ಮೇಲೆ ‘ಮುಂಬಯಿ ಕನ್ನಡಿಗರು: ಒಂದು ಸಮಾಜಶಾಸ್ತ್ರೀಯ ಅಧ್ಯಯನ’ ಎಂದಿತ್ತು. ನಾನು ಒಂದೇ ಪ್ರಶ್ನೆ ಕೇಳಿದೆ: “ಬರುವ ಮಂಗಳವಾರ ಏನು ಮಾಡ್ತೀಯಮ್ಮ?” ಅವಳಿಗೆ ಅರ್ಥವಾಗಲಿಲ್ಲ. “ಮಂಗಳವಾರ ಈ ಅಧ್ಯಯನಕ್ಕಾಗಿ ಎಲ್ಲಿಗೆ ಹೋಗ್ತೀ? ಯಾರನ್ನು ನೋಡ್ತೀ? ಅವರು ಎಷ್ಟು ಹೊತ್ತಿಗೆ ಸಿಗ್ತಾರೆ? ಮೊದಲ ಮಾತು ಯಾವ ಭಾಷೆಯಲ್ಲಿ ಆಡ್ತೀ?” ಅವಳು ಹಾಳೆಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು. ಬೇಸರವಾಯಿತೆಂದು ಕಾಣುತ್ತದೆ. ಎರಡು ವಾರದ ನಂತರ ಮತ್ತೆ ಬಂದಳು. ಇವತ್ತು ನಾನು ಹೇಳುವುದರಲ್ಲಿ ಅರ್ಧದಷ್ಟು ಅವಳೊಡನೆ ಆಡಿದ ಮಾತುಗಳೇ.

ಈ ಊರಿನಲ್ಲಿ ಸಮಾಜಶಾಸ್ತ್ರಕ್ಕೆ ನೂರು ವರ್ಷ ದಾಟಿದೆ. ಮುಂಬಯಿ ವಿಶ್ವವಿದ್ಯಾಲಯದ ವಿಭಾಗ 1919ರಲ್ಲಿ ಪ್ಯಾಟ್ರಿಕ್ ಗೆಡ್ಡಿಸರ ಕೈಯಲ್ಲಿ ಶುರುವಾಯಿತು. ಆಮೇಲೆ ಮೂರೂವರೆ ದಶಕ ಅದನ್ನು ಬೆಳೆಸಿದವರು ಜಿ. ಎಸ್. ಘುರ್ಯೆ. ಅವರು ಮುಖ್ಯವಾಗಿ ಗ್ರಂಥಾಲಯದ ವಿದ್ವಾಂಸರು, ಆದರೆ ಶಿಷ್ಯರನ್ನು ಕ್ಷೇತ್ರಕ್ಕೆ ಅಟ್ಟಿದವರು. ಆ ಶಿಷ್ಯರಲ್ಲಿ ಒಬ್ಬರು ಮೈಸೂರಿನಿಂದ ಬಂದ ಎಂ. ಎನ್. ಶ್ರೀನಿವಾಸ್. ಅವರ ಮೊದಲ ಪುಸ್ತಕ 1942ರಲ್ಲಿ ಬಂದದ್ದು ಮೈಸೂರಿನ ಮದುವೆ ಮತ್ತು ಕುಟುಂಬದ ಬಗ್ಗೆ. ಕನ್ನಡ ಬಲ್ಲ ಹುಡುಗ, ಕನ್ನಡ ಜಾತಿಗಳು, ಮದುವೆಯೆಂಬ ಒಂದೇ ಸಂಸ್ಥೆ. ‘ಮೈಸೂರಿಗರು: ಒಂದು ಅಧ್ಯಯನ’ ಎಂದು ಅವರು ಹೊರಡಲಿಲ್ಲ ಎಂಬುದನ್ನು ಆ ವಿದ್ಯಾರ್ಥಿನಿಗೆ ನಾನು ಸ್ವಲ್ಪ ಚುಚ್ಚಿಯೇ ಹೇಳಿದೆ.

ಈಗ ಅವಳ ಶೀರ್ಷಿಕೆಯ ಒಂದು ಪದವನ್ನು ಹಿಡಿಯೋಣ. ಮುಂಬಯಿ ಕನ್ನಡಿಗ ಎಂದರೆ ಯಾರು? ವೇದಿಕೆಯ ಮೇಲೆ ಇದಕ್ಕೆ ಉತ್ತರ ಸುಲಭ. ಲೆಕ್ಕ ಹಾಕಲು ಕೂತಾಗ ಕಷ್ಟ. 2011ರ ಜನಗಣತಿಯಲ್ಲಿ ಮುಂಬಯಿ ನಗರ ಮತ್ತು ಉಪನಗರ, ಎರಡೂ ಜಿಲ್ಲೆಗಳು ಸೇರಿ 1 ಕೋಟಿ 24 ಲಕ್ಷ ಜನ. ಅದರಲ್ಲಿ ತಾಯ್ನುಡಿಯ ಪಟ್ಟಿ ತೆರೆದು ‘ಕನ್ನಡ’ ಎಂಬ ಸಾಲಿಗೆ ಬೆರಳಿಟ್ಟರೆ ನಮಗೆ ಬೇಕಾದವರು ಸಿಗುತ್ತಾರೆಂದುಕೊಂಡಿರಾ? ಕುರ್ಲಾದ ಬಂಟರು, ಗೋರೆಗಾಂವಿನ ಬಿಲ್ಲವರು ತಮ್ಮ ತಾಯ್ನುಡಿ ತುಳು ಎಂದು ಹೇಳಿರುತ್ತಾರೆ. ತುಳುವಿಗೆ ಜನಗಣತಿಯಲ್ಲಿ ಬೇರೆಯದೇ ಸಾಲು. ಕೆನರಾದ ಸಾರಸ್ವತರು, ಮಂಗಳೂರಿನ ಕ್ರೈಸ್ತರು ಕೊಂಕಣಿಯ ಸಾಲಿಗೆ ಹೋಗುತ್ತಾರೆ. ಇವರಲ್ಲಿ ಎಷ್ಟೋ ಮಂದಿ ಕನ್ನಡ ಪತ್ರಿಕೆ ಓದುವವರು, ಯಕ್ಷಗಾನ ಕೂತು ನೋಡುವವರು, ಇಂಥ ಸಭೆಗಳಿಗೆ ಬರುವವರು. ಇನ್ನೊಂದು ಮಗ್ಗುಲು ನೋಡಿ. ಕಲಬುರಗಿ, ವಿಜಯಪುರದ ತಾಂಡಾಗಳಿಂದ ಕಟ್ಟಡದ ಕೆಲಸಕ್ಕೆ ಬಂದು ಬೆಳಗ್ಗೆ ಕೂಲಿಗಾಗಿ ನಾಕಾದಲ್ಲಿ ನಿಲ್ಲುವ ಲಂಬಾಣಿ ಕುಟುಂಬಗಳಿವೆ. ಜನಗಣತಿ ಲಂಬಾಣಿಯನ್ನು ಹಿಂದಿಯೊಳಗೆ ಸೇರಿಸಿಬಿಟ್ಟಿದೆ. ಅಂದರೆ ಕಾಂಟ್ರಾಕ್ಟರನೊಡನೆ ಹಿಂದಿಯಲ್ಲೂ ಪಕ್ಕದವನೊಡನೆ ಕನ್ನಡದಲ್ಲೂ ಮನೆಯಲ್ಲಿ ಗೋರ್ ಬೋಲಿ ಎಂಬ ಲಂಬಾಣಿಯಲ್ಲೂ ಮಾತಾಡುವ ಆ ಮನುಷ್ಯ ಸರಕಾರದ ಕಡತದಲ್ಲಿ ಹಿಂದಿಯವನು! ಸಾಲದೆಂಬಂತೆ, 2021ರಲ್ಲಿ ಆಗಬೇಕಿದ್ದ ಎಣಿಕೆ ಮುಂದಕ್ಕೆ ಹೋಗಿ, ನಮ್ಮ ಕೈಯಲ್ಲಿರುವ ಪಟ್ಟಿ ಹಳೆಯದಾಗಿದೆ.

ಜನಗಣತಿ ಕೈಕೊಟ್ಟಾಗ ಸಂಶೋಧಕರು ಓಡುವುದು ಸಂಘಗಳ ಕಡೆಗೆ. ಮುಂಬಯಿಯಲ್ಲಿ ಸಂಘಗಳಿಗೇನು ಬರವೇ? ಮೊಗವೀರ ವ್ಯವಸ್ಥಾಪಕ ಮಂಡಳಿ 1902ರದು. ಕೆನರಾ ಸಾರಸ್ವತ ಅಸೋಸಿಯೇಶನ್ 1911ರದು. ಮೈಸೂರು ಅಸೋಸಿಯೇಶನ್ 1926, ಬಂಟರ ಸಂಘ 1927, ಬಿಲ್ಲವರ ಅಸೋಸಿಯೇಶನ್ 1932, ಮಾಹಿಮದ ಕರ್ನಾಟಕ ಸಂಘ 1933. ಎಲ್ಲರ ಬಳಿಯೂ ಸದಸ್ಯರ ಪಟ್ಟಿ ಇದೆ, ವಿಳಾಸವಿದೆ, ಫೋನ್ ನಂಬರಿದೆ. ಕಾರ್ಯದರ್ಶಿಗಳು ಪ್ರೀತಿಯಿಂದ ಚಹಾ ಕೊಟ್ಟು ಪಟ್ಟಿಯನ್ನೂ ಕೊಡುತ್ತಾರೆ. ಅಪಾಯ ಇರುವುದು ಅಲ್ಲೇ. ಸದಸ್ಯತ್ವದ ಹಣ ಕಟ್ಟಿದವನ ಹೆಸರು ಮಾತ್ರ ಅದರಲ್ಲಿದೆ. ಹೋಟೆಲಿನ ಅಟ್ಟದ ಮೇಲೆ ಮಲಗುವ ಹುಡುಗನ ಹೆಸರು ಅದರಲ್ಲಿಲ್ಲ, ನಾಕಾದವನದಂತೂ ಇಲ್ಲವೇ ಇಲ್ಲ. ಸಂಘದ ಪಟ್ಟಿಯಿಂದ ಆರಿಸಿದ ಇನ್ನೂರು ಮಂದಿಯನ್ನು ಕೇಳಿ, ‘ಮುಂಬಯಿ ಕನ್ನಡಿಗರಲ್ಲಿ ನೂರಕ್ಕೆ ಇಷ್ಟು ಮಂದಿಗೆ ಸ್ವಂತ ಮನೆಯಿದೆ’ ಎಂದು ಬರೆದ ಪ್ರಬಂಧಗಳನ್ನು ನಾನು ಪರೀಕ್ಷಕನಾಗಿ ಓದಿದ್ದೇನೆ. ಓದಿ ಪಾಸೂ ಮಾಡಿದ್ದೇನೆ. ಆ ಪಾಪ ನನ್ನ ಲೆಕ್ಕಕ್ಕೇ ಇರಲಿ.

ಪಟ್ಟಿಯನ್ನು ಸರಿಯಾಗಿ ಬಳಸಿದ ಉದಾಹರಣೆಯೂ ಇದೆ. ಫ್ರಾಂಕ್ ಕಾನ್ಲನ್ ಎಂಬ ಅಮೆರಿಕದ ಇತಿಹಾಸಕಾರ ಚಿತ್ರಾಪುರ ಸಾರಸ್ವತರ ಬಗ್ಗೆ 1977ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. 1700ರಿಂದ 1935ರವರೆಗಿನ ಕಥೆ ಅದು. ಕೆನರಾದ ಹಳ್ಳಿಗಳಿಂದ ಹೊರಟ ಸಣ್ಣ ಸಮುದಾಯವೊಂದು ಇಂಗ್ಲಿಷ್ ಕಲಿತು, ಮುಂಬಯಿಗೆ ಬಂದು, ಸಂಘ ಕಟ್ಟಿ, 1915ರಲ್ಲಿ ಗಾಮ್‌ದೇವಿಯಲ್ಲಿ ಸಹಕಾರಿ ವಸತಿ ಸಂಘವನ್ನೂ ಮಾಡಿಕೊಂಡ ಬಗೆಯನ್ನು ಅದು ಹೇಳುತ್ತದೆ. ತನ್ನನ್ನು ತಾನೇ ಬರೆದಿಟ್ಟುಕೊಳ್ಳುವ ಚಟವಿದ್ದ ಸಮುದಾಯ ಅದು. ಕಾನ್ಲನ್ನರ ಪ್ರಶ್ನೆಯೂ ಅದೇ ಆಗಿತ್ತು: ಒಂದು ಜಾತಿ ತನ್ನನ್ನು ತಾನು ಹೇಗೆ ಸಂಘಟಿಸಿಕೊಳ್ಳುತ್ತದೆ? ಹಾಗಾಗಿ ಸಂಘದ ಕಾಗದಪತ್ರವೇ ಅವರಿಗೆ ಅಧ್ಯಯನದ ವಸ್ತು. ಆ ಕಾಗದಗಳಿಂದ ಮುಂಬಯಿ ಕನ್ನಡಿಗರ ಸರಾಸರಿ ತೆಗೆಯಲು ಅವರು ಹೋಗಲಿಲ್ಲ. ಕೈಗೆ ಸಿಗುವುದು ಏನು ಎಂದು ನೋಡಿ ಪ್ರಶ್ನೆಯನ್ನು ಕತ್ತರಿಸಿಕೊಳ್ಳುವುದು ಸೋಲಲ್ಲ. ದರ್ಜಿ ಬಟ್ಟೆ ಅಳೆದು ಕತ್ತರಿ ಹಾಕುವಂಥ ಕೆಲಸ ಅದು.

ಎರಡನೆಯ ಸಲ ಬಂದಾಗ ವಿದ್ಯಾರ್ಥಿನಿ ತಾನಾಗಿಯೇ ಕತ್ತರಿ ಹಾಕಿಕೊಂಡು ಬಂದಿದ್ದಳು. ‘ಉಡುಪಿ ಹೋಟೆಲಿನ ಕೆಲಸಗಾರರು’ ಎಂದಳು. ಆಗ ನನ್ನ ಹಳೆಯ ಗಾಯ ಸ್ವಲ್ಪ ಚುರುಗುಟ್ಟಿತು. ಎಂಬತ್ತರ ದಶಕದ ಕೊನೆಯಲ್ಲಿ ನಾನೂ ಅದನ್ನೇ ಹಿಡಿದವನು.

ನನ್ನ ಯೋಜನೆ ಕಾಗದದ ಮೇಲೆ ಚೊಕ್ಕವಾಗಿತ್ತು. ಉಪನಗರದ ಹೋಟೆಲುಗಳು, ನಲವತ್ತು ಮಂದಿ ಕೆಲಸಗಾರರು, ಅರವತ್ತು ಪ್ರಶ್ನೆಗಳ ಪ್ರಶ್ನಾವಳಿ. ಒಬ್ಬ ಮಾಲಕರ ಪರಿಚಯವಿತ್ತು. ಅವರು ಇನ್ನು ನಾಲ್ವರು ಮಾಲಕರಿಗೆ ಫೋನು ಮಾಡಿದರು. ಹೋಟೆಲಿನಲ್ಲೇ ಮೂಲೆಯ ಮೇಜು ಬಿಟ್ಟುಕೊಟ್ಟರು, ನನ್ನ ಇಡ್ಲಿಗೆ ಬಿಲ್ಲು ಮಾಡಲಿಲ್ಲ. ಸಪ್ಲಾಯರ್, ಕ್ಲೀನರ್, ಅಡುಗೆಯ ಭಟ್ಟರು ಒಬ್ಬೊಬ್ಬರಾಗಿ ಬಂದು ಕೂತು ಉತ್ತರ ಕೊಟ್ಟರು. ಸಂಬಳ ಸರಿಯಾಗಿ ಸಿಗುತ್ತದೆಯೇ? ಸಿಗುತ್ತದೆ. ರಜೆ? ಕೊಡುತ್ತಾರೆ. ಊಟ? ಚೆನ್ನಾಗಿದೆ. ನಲವತ್ತು ಫಾರಂ ತುಂಬಿದ್ದು ಹತ್ತೇ ದಿನದಲ್ಲಿ. ನನ್ನ ದಕ್ಷತೆಗೆ ನಾನೇ ಬೀಗಿದೆ. ಆ ಮೂಲೆಯ ಮೇಜಿನಿಂದ ಗಲ್ಲಾ ಎಂಟು ಅಡಿ ದೂರದಲ್ಲಿತ್ತು ಎಂಬುದು ನನಗೆ ಹೊಳೆದದ್ದು ಆಮೇಲೆ. ಒಂದು ರಾತ್ರಿ ಅದೇ ಹುಡುಗರಲ್ಲಿ ಒಬ್ಬ ಸ್ಟೇಶನ್ನಿನ ಸೇತುವೆಯ ಮೇಲೆ ಸಿಕ್ಕಿದ. “ಸರ್, ನೀವು ಸೇಟ್ರ ಕಡೆಯವರಲ್ಲವಾ?” ಎಂದ. ಅಲ್ಲ ಎಂದೆ. ನಂಬಲಿಲ್ಲ. ಸೇತುವೆಯ ಮೇಲೆ ಹದಿನೈದು ನಿಮಿಷ ನಿಂತು ಅವನು ಹೇಳಿದ್ದು ನನ್ನ ಅರವತ್ತು ಪ್ರಶ್ನೆಗಳಲ್ಲಿ ಒಂದಕ್ಕೂ ಹೊಂದುವಂತಿರಲಿಲ್ಲ. ಸಂಬಳವನ್ನು ಮಾಲಕರ ಹತ್ತಿರವೇ ಇಟ್ಟು ವರ್ಷಕ್ಕೊಮ್ಮೆ ಊರಿಗೆ ಹೋಗುವಾಗ ಒಟ್ಟಿಗೆ ತೆಗೆದುಕೊಳ್ಳುವ ಪದ್ಧತಿ ಅವನಿಗೆ ಉಳಿತಾಯವೂ ಹೌದು, ಕಟ್ಟಿಹಾಕುವ ಹಗ್ಗವೂ ಹೌದು. ‘ಸರಿಯಾಗಿ ಸಿಗುತ್ತದೆಯೇ’ ಎಂಬ ಪ್ರಶ್ನೆಗೆ ಅವನು ಸುಳ್ಳು ಹೇಳಿರಲಿಲ್ಲ. ಪ್ರಶ್ನೆಯೇ ಬೇರೆ ಊರಿನಿಂದ ಬಂದದ್ದು.

ಆ ನಲವತ್ತು ಫಾರಂಗಳು ಇನ್ನೂ ನನ್ನ ಮನೆಯಲ್ಲಿವೆ. ಸಂಬಳದ ಬಗ್ಗೆ ಅವು ಏನನ್ನೂ ಹೇಳುವುದಿಲ್ಲ. ಮಾಲಕರು ಕಾಣುವಷ್ಟು ದೂರದಲ್ಲಿ ಕೂತಾಗ ಮನುಷ್ಯ ಹೇಗೆ ಮಾತಾಡುತ್ತಾನೆ ಎಂಬುದಕ್ಕೆ ಅಷ್ಟು ಒಳ್ಳೆಯ ದಾಖಲೆ ಇನ್ನೊಂದಿಲ್ಲ.

ಶ್ರೀನಿವಾಸರಂಥವರಿಗೂ ಇದು ತಪ್ಪಲಿಲ್ಲ. 1948ರಲ್ಲಿ ಅವರು ರಾಮಪುರವೆಂದು ಹೆಸರಿಟ್ಟು ಬರೆದ ಹಳ್ಳಿಗೆ ಹೋದಾಗ ನೆಲೆ ಸಿಕ್ಕಿದ್ದು ಊರ ಮುಖ್ಯಸ್ಥನ ಆಶ್ರಯದಲ್ಲಿ. ಅದರಿಂದ ಕೆಲವು ಬಾಗಿಲುಗಳು ತೆರೆದವು. ಹರಿಜನರ, ಮುಸ್ಲಿಮರ ಮನೆಗಳ ಒಡನಾಟ ಮಾತ್ರ ಅಷ್ಟಾಗಿ ಆಗಲಿಲ್ಲವೆಂದು ಅವರೇ ಬರೆದುಕೊಂಡಿದ್ದಾರೆ. ಒಳಗೆ ಕರೆದುಕೊಂಡು ಹೋಗುವವನು ಯಾರು ಎಂಬುದರ ಮೇಲೆ ಕಾಣುವುದು ನಿಂತಿದೆ. ಯೋಜನೆಯ ಹಾಳೆಯಲ್ಲಿ ಆ ಮನುಷ್ಯನಿಗೆ ಒಂದು ಸಾಲು ಇರಲಿ ಎಂದಷ್ಟೇ ನಾನು ಕೇಳುವುದು.

ಹಾಗಾದರೆ ಹೋಟೆಲ್ ಹುಡುಗನನ್ನು ಯಾವಾಗ ಕಾಣಬೇಕು? ಬೆಳಗಿನ ನಾಷ್ಟಾದ ಗದ್ದಲ, ಅದು ಮುಗಿಯುವಷ್ಟರಲ್ಲಿ ಊಟದ ಗದ್ದಲ, ಸಂಜೆ ಆಫೀಸು ಬಿಟ್ಟವರ ಚಹಾ-ದೋಸೆ. ರಾತ್ರಿ ಮುಚ್ಚಿ ನೆಲ ತೊಳೆಯುವ ಹೊತ್ತಿಗೆ ಅವನಿಗೆ ನಿದ್ದೆ. ಉಳಿಯುವುದು ಮಧ್ಯಾಹ್ನ ಮೂರರಿಂದ ಐದು. ಆ ಎರಡು ಗಂಟೆಯಲ್ಲಿ ಅವನು ಬಟ್ಟೆ ಒಗೆಯಬೇಕು, ಊರಿಗೆ ಫೋನು ಮಾಡಬೇಕು, ಸ್ವಲ್ಪ ಅಡ್ಡಾಗಬೇಕು. ಅವನ ದಿನದಲ್ಲಿ ಅವನದೇ ಆದ ಹೊತ್ತು ಅದೊಂದೇ. ಅದನ್ನು ನಾವು ಕೇಳುತ್ತಿದ್ದೇವೆ. ಇದು ಮನಸ್ಸಿಗೆ ಬಂದರೆ ಅರವತ್ತು ಪ್ರಶ್ನೆ ತಾವಾಗಿಯೇ ಹನ್ನೆರಡಕ್ಕೆ ಇಳಿಯುತ್ತವೆ.

ಲೆಕ್ಕವನ್ನು ಒಮ್ಮೆ ಕೂತು ಹಾಕಿನೋಡಿ. ವಾರಕ್ಕೆ ಎರಡು ಒಳ್ಳೆಯ ಸಂದರ್ಶನವಾದರೆ ಪುಣ್ಯ. ನಲವತ್ತಕ್ಕೆ ಇಪ್ಪತ್ತು ವಾರ. ಒಂದೊಂದು ಒಂದೂವರೆ ಗಂಟೆಯೆಂದರೆ ಅರವತ್ತು ಗಂಟೆಯ ಧ್ವನಿ. ತುಳು, ಕುಂದಾಪುರದ ಕನ್ನಡ, ಮುಂಬಯಿ ಹಿಂದಿ ಬೆರೆತ ಒಂದು ಗಂಟೆಯ ಮಾತನ್ನು ಕೇಳಿ ಬರೆದಿಳಿಸಲು ನನಗೆ ಆರು ಗಂಟೆ ಬೇಕಾಗಿದೆ. ಅಂದರೆ 360 ಗಂಟೆ. ದಿನಕ್ಕೆ ನಾಲ್ಕರಂತೆ ಮೂರು ತಿಂಗಳು. ಇದರಲ್ಲಿ ಜುಲೈಯಲ್ಲಿ ಹಳಿಗೆ ನೀರು ಬಂದು ಗಾಡಿ ನಿಲ್ಲುವ ದಿನಗಳನ್ನು ಕಳೆಯಿರಿ. ಗಣಪತಿಯನ್ನು ಕಳೆಯಿರಿ. ಮೇ ತಿಂಗಳಿಡೀ ಕಳೆಯಿರಿ. ಆಗ ಕರಾವಳಿಯ ಸಂಸಾರಗಳು ಮತ್ಸ್ಯಗಂಧ ರೈಲು ಹತ್ತಿ ಮದುವೆ, ನೇಮ, ಬ್ರಹ್ಮಕಲಶ ಎಂದು ಊರು ಸೇರಿರುತ್ತವೆ. ಒಂದು ವರ್ಷದ ಅನುದಾನದಲ್ಲಿ ನಿಜವಾದ ಕೆಲಸಕ್ಕೆ ಸಿಗುವುದು ಏಳು ತಿಂಗಳು. ಹಣದ ಬಗ್ಗೆ ಹೆಚ್ಚು ಹೇಳಲಾರೆ. ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಮಂಡಳಿಯ ಪಶ್ಚಿಮ ಕೇಂದ್ರ ಕಲೀನಾದ ವಿದ್ಯಾನಗರಿಯಲ್ಲೇ ಇದೆ, ಹೋಗಿ ವಿಚಾರಿಸಿ. ಆದರೆ ಬಜೆಟ್ಟಿನಲ್ಲಿ ಚಹಾದ ಖರ್ಚನ್ನು ಮರೆಯಬೇಡಿ.

ವಿದ್ಯಾರ್ಥಿನಿ ಇನ್ನೊಂದನ್ನು ಕಂಡುಹಿಡಿದಿದ್ದಳು. ಹೆಸರಿಗೆ ಉಡುಪಿ ಹೋಟೆಲಾದರೂ ಒಳಗಿರುವ ಹುಡುಗರಲ್ಲಿ ಅನೇಕರು ಉತ್ತರ ಪ್ರದೇಶ, ಬಿಹಾರ, ಒಡಿಶಾ, ನೇಪಾಳದವರು. “ಸರ್, ಇವರನ್ನು ಬಿಡಬೇಕಾ, ಸೇರಿಸಬೇಕಾ?” ಎಂದು ಕೇಳಿದಳು. ನನ್ನ ಕಾಲದ ಯೋಜನೆ ಹಿಡಿದು ಹೋಗಿದ್ದರೆ ಅವಳು ಕನ್ನಡದ ಹುಡುಗನನ್ನು ಹುಡುಕುತ್ತ ಹತ್ತು ಹೋಟೆಲು ಅಲೆದು, ಎದುರಿಗಿದ್ದ ನಿಜವಾದ ಸಂಗತಿಯನ್ನು ದಾಟಿಹೋಗುತ್ತಿದ್ದಳು. ನಾನು ಉತ್ತರ ಕೊಡಲಿಲ್ಲ. ಒಳ್ಳೆಯ ಪ್ರಶ್ನೆಗೆ ಮೇಷ್ಟ್ರು ಬೇಗ ಉತ್ತರ ಕೊಡಬಾರದು.

ಪದಗಳ ಮಾತು ಒಂದಿಷ್ಟು. ‘ನಿಮ್ಮ ಮನೆಯಲ್ಲಿ ಎಷ್ಟು ಮಂದಿ?’ ಎಂಬುದಕ್ಕಿಂತ ಸುಲಭದ ಪ್ರಶ್ನೆ ಇದೆಯೇ? ಮುಂಬಯಿಯ ನಮ್ಮವರಲ್ಲಿ ಅನೇಕರಿಗೆ ಇಲ್ಲಿರುವುದು ‘ರೂಮು’, ‘ಮನೆ’ ಇರುವುದು ಊರಿನಲ್ಲಿ. ಸಾಕಿನಾಕಾದ ಹತ್ತಡಿ ಕೋಣೆಯಲ್ಲಿ ಹೆಂಡತಿ ಮಕ್ಕಳೊಡನೆ ಮೂವತ್ತು ವರ್ಷ ಕಳೆದವರು ‘ಮನೆಯಲ್ಲಿ ಅಮ್ಮ, ಅಣ್ಣ, ಅತ್ತಿಗೆ’ ಎಂದು ಉತ್ತರಿಸಿದರೆ ಬೆಚ್ಚಬೇಡಿ. ಜನಗಣತಿಯವರು ಒಂದೇ ಅಡುಗೆಯಲ್ಲಿ ಉಣ್ಣುವವರನ್ನು ಒಂದು ಕುಟುಂಬವೆಂದು ಎಣಿಸುತ್ತಾರೆ. ಹಾಗಾದರೆ ಹೋಟೆಲಿನ ಒಲೆಯಲ್ಲೇ ಉಣ್ಣುವ ಹದಿನಾಲ್ಕು ಹುಡುಗರು? ಇಂಥವನ್ನು ಮೊದಲು ಐದಾರು ಮಂದಿಯಲ್ಲಿ ಕೇಳಿ ನೋಡಿ, ತಿದ್ದಿ, ಆಮೇಲೆ ಪ್ರಶ್ನಾವಳಿಯನ್ನು ಅಚ್ಚಿಗೆ ಕೊಡಬೇಕು. ನಾವು ಅಚ್ಚು ಹಾಕಿಸಿದ ಮೇಲೆ ಕೇಳುತ್ತೇವೆ.

ಇನ್ನು ಕೆಲವು ಪ್ರಶ್ನೆಗಳು ಈ ನಗರದಲ್ಲಿ ಪ್ರಶ್ನೆಗಳಾಗಿ ಉಳಿದಿಲ್ಲ. ‘ನೀವು ಇಲ್ಲಿಗೆ ಯಾವ ವರ್ಷ ಬಂದಿರಿ?’ ವಲಸೆಯ ಅಧ್ಯಯನದಲ್ಲಿ ಇದಿಲ್ಲದೆ ನಡೆಯುವುದಿಲ್ಲ. ಆದರೆ ಝೋಪಡಪಟ್ಟಿಯ ಓಣಿಯಲ್ಲಿ ನಿಂತು ಕೇಳಿ ನೋಡಿ. ಪುನರ್ವಸತಿಯಲ್ಲಿ ಉಚಿತ ಮನೆ ಸಿಗುವುದೂ ಬಿಡುವುದೂ ಒಂದು ದಿನಾಂಕದ ಮೇಲೆ ನಿಂತಿದೆ: ಮೊದಲು 1995ರ ಜನವರಿ 1, ಆಮೇಲೆ 2000ದ ಜನವರಿ 1. ಕೈಯಲ್ಲಿ ಹಾಳೆ ಹಿಡಿದು ಬಂದವರು ಯಾರೇ ಇರಲಿ, ಅವರು ಸರ್ವೆಯವರು. 2024ರಲ್ಲಿ ಧಾರಾವಿಯಲ್ಲಿ ಮನೆಮನೆಗೆ ಸರ್ವೆ ಶುರುವಾದ ಮೇಲಂತೂ ಅಲ್ಲಿ ಯಾವ ಸಂಶೋಧಕನೂ ಬರೀ ಸಂಶೋಧಕನಾಗಿ ಕಾಲಿಡಲಾರ. ಉತ್ತರ ಬರುತ್ತದೆ, ಖಂಡಿತ ಬರುತ್ತದೆ; ಎಲ್ಲರೂ 1999ಕ್ಕೆ ಮುಂಚೆಯೇ ಬಂದವರಾಗಿರುತ್ತಾರೆ. ನನ್ನ ಸಹೋದ್ಯೋಗಿಯೊಬ್ಬರು ಇಸವಿ ಕೇಳುವುದನ್ನೇ ಬಿಟ್ಟು, “ಬಂದಾಗ ಹತ್ತಿರದಲ್ಲಿ ಯಾವ ಟಾಕೀಸಿತ್ತು? ದೊಡ್ಡ ಮಗ ಆಗ ಎಷ್ಟನೇ ಕ್ಲಾಸು?” ಎಂದು ವಿಚಾರಿಸುತ್ತಿದ್ದರು. ಜಾಣತನವೇ ಸರಿ. ಆದರೆ ಹಾಗೆ ಬಗೆದು ತೆಗೆದ ಇಸವಿ ನಾಳೆ ಅಚ್ಚಾಗಿ ಬೇರೆಯವರ ಕೈಗೆ ಹೋದರೆ ಯಾರ ಮನೆಗೆ ಕುತ್ತು ಎಂದೂ ಯೋಚಿಸಬೇಕಲ್ಲ.

ಎಣಿಕೆಯನ್ನು ಎಣಿಸಿಕೊಳ್ಳುವವರ ಕೈಗೇ ಕೊಟ್ಟ ನಿದರ್ಶನವೂ ನಮ್ಮ ಭಾಯಖಳಾದಲ್ಲಿದೆ. 1985ರಲ್ಲಿ ಫುಟ್‌ಪಾಥ್ ನಿವಾಸಿಗಳ ಬಗ್ಗೆ ಸುಪ್ರೀಂ ಕೋರ್ಟಿನ ಓಲ್ಗಾ ಟೆಲಿಸ್ ತೀರ್ಪು ಬಂದಾಗ ಸಾವಿರಾರು ಮಂದಿಗೆ ಎತ್ತಂಗಡಿಯ ಭೀತಿ. ಆಗ ಸ್ಪಾರ್ಕ್ ಎಂಬ ಸ್ವಯಂಸೇವಾ ಸಂಸ್ಥೆ ಅವರ ಗಣತಿ ಮಾಡಿ ‘ನಾವು, ಕಾಣದವರು’ ಎಂಬ ಅರ್ಥದ ಹೆಸರಿನಲ್ಲಿ ವರದಿ ಪ್ರಕಟಿಸಿತು. ಮುಂದೆ ಆ ಬೀದಿಯ ಹೆಂಗಸರೇ ಮಹಿಳಾ ಮಿಲನ್ ಎಂಬ ಸಂಘಟನೆಯ ಮೂಲಕ ಗಣತಿಯನ್ನು ತಮ್ಮ ಅಸ್ತ್ರ ಮಾಡಿಕೊಂಡರು. ತಟಸ್ಥತೆ ಎಲ್ಲಿ ಹೋಯಿತು ಎಂದು ನೀವು ಕೇಳಬಹುದು. ಪಾಲಿಕೆಯ ಗಾಡಿ ಬಾಗಿಲಲ್ಲಿ ನಿಂತಿರುವಾಗ ಇಸವಿ ಕೇಳುವುದರಲ್ಲೂ ತಟಸ್ಥತೆ ಇರಲಿಲ್ಲ.

ಹೆಸರು ಬದಲಿಸುವ ವಿಷಯ. ‘ಮಾಹಿತಿದಾರರ ಹೆಸರನ್ನು ಗುಪ್ತವಾಗಿಡಲಾಗಿದೆ’ ಎಂಬ ಸಾಲು ಎಲ್ಲ ಪ್ರಬಂಧಗಳಲ್ಲೂ ಇರುತ್ತದೆ. ಒಂದೂಕಾಲು ಕೋಟಿಯ ಊರಿನಲ್ಲಿ ಗುಪ್ತವಾಗಿರುವುದು ಸುಲಭ, ಅದರೊಳಗಿನ ನಮ್ಮ ಸಣ್ಣ ಊರಿನಲ್ಲಿ ಅಸಾಧ್ಯ. ‘ಪೂರ್ವ ಉಪನಗರದ ಒಬ್ಬ ಹೋಟೆಲ್ ಮಾಲಕರು, ಸಂಘದ ಮಾಜಿ ಪದಾಧಿಕಾರಿ, ಒಬ್ಬ ಮಗ ಅಮೆರಿಕದಲ್ಲಿ, ಯಕ್ಷಗಾನ ಪೋಷಕರು’ ಎಂದು ಬರೆದರೆ ಈ ಸಭಾಗೃಹದ ಮೂರನೇ ಸಾಲಿನಲ್ಲಿ ಈಗಾಗಲೇ ಯಾರೋ ನಗುತ್ತಿರುತ್ತಾರೆ. ನೋಡಿ, ನಕ್ಕರು. 2023ರಲ್ಲಿ ವೈಯಕ್ತಿಕ ಮಾಹಿತಿ ರಕ್ಷಣೆಗೆ ಕಾನೂನೇ ಬಂದಿದೆ. ಆದರೆ ಕಾನೂನಿಗಿಂತ ಮುಂಚೆ ವಾಟ್ಸ್ಯಾಪ್ ಗುಂಪು ಓಡುತ್ತದೆ.

ಟಿಪ್ಪಣಿಯ ಕಥೆ ಶ್ರೀನಿವಾಸರದೇ. ರಾಮಪುರದ ಟಿಪ್ಪಣಿಗಳನ್ನು ವರ್ಷಗಟ್ಟಲೆ ಪರಿಷ್ಕರಿಸಿ, ಮೂರು ಪ್ರತಿ ಮಾಡಿ, ಸ್ಟ್ಯಾನ್‌ಫರ್ಡಿಗೆ ಹೋದಾಗ ಮೂರನ್ನೂ ಒಂದೇ ಕೋಣೆಯಲ್ಲಿಟ್ಟುಕೊಂಡಿದ್ದರು. 1970ರ ಏಪ್ರಿಲ್ 24ರಂದು ಆ ಕಟ್ಟಡಕ್ಕೆ ಬೆಂಕಿ ಬಿತ್ತು. ನೆನಪನ್ನು ಆಧರಿಸಿ ಅವರು ಬರೆದ ರಾಮಪುರದ ಪುಸ್ತಕ 1976ರಲ್ಲಿ ಬಂತು, ಅವರ ಅತ್ಯುತ್ತಮ ಕೃತಿ ಎನಿಸಿಕೊಂಡಿತು. ಇದನ್ನು ಹೇಳಿದರೆ ವಿದ್ಯಾರ್ಥಿಗಳು ಟಿಪ್ಪಣಿ ಕಳೆದರೂ ಪರವಾಗಿಲ್ಲ ಎಂದುಕೊಳ್ಳುತ್ತಾರೆ. ಶ್ರೀನಿವಾಸರಷ್ಟು ನೆನಪಿದ್ದರೆ ಹಾಗೇ ಆಗಲಿ. ಇಲ್ಲದವರು ಒಂದು ಪ್ರತಿಯನ್ನು ಬೇರೆ ಸೂರಿನ ಕೆಳಗೆ ಇಡಿ.

ವಿದ್ಯಾರ್ಥಿನಿಯ ಕಡೆಗೆ ಬರುತ್ತೇನೆ. ಕೊನೆಗೆ ಅವಳು ಆರಿಸಿಕೊಂಡದ್ದು ಘಾಟ್ಕೋಪರದ ಒಂದು ರಸ್ತೆ, ಎರಡು ಹೋಟೆಲು, ಅವುಗಳಲ್ಲಿ ಮಲಗುವ ಇಪ್ಪತ್ತಮೂರು ಮಂದಿ, ಯಾವ ಭಾಷೆಯವರಾದರೂ ಸರಿ. ಅವರ ಕೆಲಸ ಯಾರಿಂದ ಯಾರಿಗೆ ದಾಟುತ್ತ ಬಂತು ಎಂಬುದೇ ಪ್ರಶ್ನೆ. ಮಾಲಕರಿಗೆ ವಿಷಯ ತಿಳಿಸಿದ್ದಳು, ಮೂಲೆಯ ಮೇಜು ಬೇಡವೆಂದಿದ್ದಳು. ಮೊದಲ ಮಂಗಳವಾರ ಹೋದಳು. ಹೋಟೆಲಿನ ಹಿಂದಿನ ಓಣಿಯಲ್ಲಿ, ನಲ್ಲಿಯ ಬಳಿ, ಬೈಂದೂರು ಕಡೆಯ ಒಬ್ಬ ಹುಡುಗ ಬಟ್ಟೆ ಒಗೆಯುತ್ತಿದ್ದ. ಇವಳು ಪರಿಚಯ ಹೇಳಿಕೊಂಡಳು. “ಓದಿದವರಲ್ದಾ ಅಕ್ಕ, ಈ ಬ್ಯಾಂಕಿನ ಫಾರಂ ಒಂಚೂರು ತುಂಬಿ ಕೊಡ್ತ್ರ್ಯಾ?” ಎಂದ. ಫಾರಂ ತುಂಬಿದಳು. ಆಧಾರಿನಲ್ಲಿ ಊರಿನ ವಿಳಾಸ, ಬ್ಯಾಂಕಿನವರಿಗೆ ಬೇಕಾದದ್ದು ಇಲ್ಲಿಯ ವಿಳಾಸ. ಇಲ್ಲಿಯ ವಿಳಾಸವೆಂದರೆ ಹೋಟೆಲು, ಅದಕ್ಕೆ ಮಾಲಕರ ಸಹಿಯಾಗಬೇಕು. ಅದನ್ನು ಕೇಳುವುದು ಹೇಗೆಂದು ಅವನು ಯೋಚಿಸುತ್ತ ನಿಂತ. ಅಷ್ಟರಲ್ಲಿ ಒಳಗಿನಿಂದ ಯಾರೋ ಅವನ ಹೆಸರು ಕೂಗಿದರು. ಐದು ಗಂಟೆಯಾಗಿತ್ತು.

ಆವತ್ತು ಒಂದೇ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ ಸರ್ ಎಂದು ರಾತ್ರಿ ಫೋನು ಮಾಡಿದಳು. ಗಾಡಿಯಲ್ಲಿ ನಿಂತುಕೊಂಡೇ ಹನ್ನೊಂದು ಪುಟ ಬರೆದಿದ್ದಳು.